ಇಲಿಯ ಹೃದಯ ತೋರಿಸಿಕೊಟ್ಟ ಜೀನ್: ಆರ್‌ಬಿಎಂ20 ಮತ್ತು ಟೈಟಿನ್‌ನ ಕಥೆ

(ಹಾಸನದ ಪದವಿ ಕಾಲೇಜೊಂದರಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗಳು, ಪ್ರೌಢಶಾಲಾ ಶಿಕ್ಷಕರು ಮತ್ತು ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಸಂದರ್ಭಕ್ಕೆ ತಕ್ಕಂತೆ ಒಳಗೇ ಸೇರಿಸಲಾಗಿದೆ.)

ಹಿರಿಯರೇ, ಶಿಕ್ಷಕ ಮಿತ್ರರೇ, ವಿದ್ಯಾರ್ಥಿಗಳೇ,

ಹಾಸನದಲ್ಲಿ ನಿಂತು ಹೃದಯದ ಬಗ್ಗೆ ಮಾತನಾಡುವವರು 2025ರ ಜೂನ್, ಜುಲೈ ತಿಂಗಳುಗಳನ್ನು ಬದಿಗಿಟ್ಟು ಮಾತು ಆರಂಭಿಸುವಂತಿಲ್ಲ. ಈ ಜಿಲ್ಲೆಯಲ್ಲಿ ನಡುವಯಸ್ಸಿನವರೂ ಯುವಕರೂ ಹಠಾತ್ತನೆ ಕುಸಿದು ತೀರಿಕೊಂಡ ಸುದ್ದಿ ಆಗ ಮೇಲಿಂದ ಮೇಲೆ ಬರುತ್ತಿತ್ತು. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ರಾಜ್ಯ ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿ ವರದಿ ತರಿಸಿಕೊಂಡಿತು. ಸಮಿತಿ ಬೊಟ್ಟು ಮಾಡಿದ್ದು ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂತಹ ಪರಿಚಿತ ಅಪಾಯಗಳ ಕಡೆಗೇ. ನಾನು ಇಂದು ಹೇಳಲಿರುವ ಜೀನ್‌ಗೂ ಆ ಸಾವುಗಳಿಗೂ ನೇರ ಸಂಬಂಧವಿದೆಯೆಂದು ಯಾರೂ ಭಾವಿಸಬಾರದು. ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ನನ್ನ ವಿಷಯವಾದರೋ ನಾಳಗಳು ಚೆನ್ನಾಗಿದ್ದೂ ಸ್ನಾಯುವೇ ತೆಳುವಾಗಿ, ಹೃದಯ ಹಿಗ್ಗಿ, ರಕ್ತವನ್ನು ತಳ್ಳುವ ಬಲ ಕಳೆದುಕೊಳ್ಳುವ ಇನ್ನೊಂದು ಕಾಯಿಲೆ. ವೈದ್ಯರು ಇದನ್ನು ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಏದುಸಿರು, ಕಾಲು ಊತ, ವಿನಾಕಾರಣ ಸುಸ್ತು ಇದರ ಲಕ್ಷಣಗಳು; ಕೆಲವರಲ್ಲಿ ಇವಾವುವೂ ಕಾಣಿಸಿಕೊಳ್ಳುವ ಮೊದಲೇ ಹೃದಯದ ಲಯ ತಪ್ಪಿ ಸಾವು ಬರುವುದೂ ಉಂಟು. ಇದು ಹಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದು ಬರುತ್ತದೆ.

ಈ ಕಾಯಿಲೆಯ ಒಂದು ಬಗೆ ಹೇಗೆ ಹುಟ್ಟುತ್ತದೆ ಎಂಬುದನ್ನು ಅರ್ಥಮಾಡಿಸಿದ್ದು ಪ್ರಯೋಗಾಲಯದ ಇಲಿ. ಆ ಇಲಿಯಲ್ಲಿ ಹೃದಯದ ಮುಖ್ಯ ಪ್ರೋಟೀನ್‌ನ ಜೀನ್ ಕೆಟ್ಟಿರಲಿಲ್ಲ. ಆ ಜೀನ್‌ನಿಂದ ಬರುವ ಸಂದೇಶವನ್ನು ಕತ್ತರಿಸಿ ಜೋಡಿಸುವುದನ್ನು ನಿಯಂತ್ರಿಸುವ ಇನ್ನೊಂದು ಜೀನ್ ಕೆಟ್ಟಿತ್ತು. ಈ ವ್ಯತ್ಯಾಸವನ್ನು ಹಿಡಿದರೆ ಇಂದಿನ ಮಾತಿನ ತಿರುಳನ್ನು ಹಿಡಿದಂತೆ.

ಜೀವಕೋಶದಲ್ಲಿ ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್ ಎಂಬ ಪಾಠವನ್ನು ನಾವೆಲ್ಲ ಪಿಯುಸಿಯಲ್ಲೇ ಓದಿದ್ದೇವೆ. 1977ರವರೆಗೆ ಜೀನ್ ಎಂದರೆ ಮೊದಲಿನಿಂದ ಕೊನೆಯವರೆಗೆ ಅಖಂಡವಾದ ಬರಹ ಎಂದೇ ವಿಜ್ಞಾನಿಗಳು ನಂಬಿದ್ದರು. ಆ ವರ್ಷ ಅಮೆರಿಕದಲ್ಲಿ ಫಿಲಿಪ್ ಶಾರ್ಪ್ ಅವರ ತಂಡ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡ ಅಡೆನೊವೈರಸ್ ಎಂಬ ಸಾಮಾನ್ಯ ವೈರಾಣುವಿನಲ್ಲಿ ಬೇರೆಯದನ್ನೇ ಕಂಡವು. ಜೀನ್‌ನ ಬರಹ ತುಂಡುತುಂಡಾಗಿತ್ತು. ಅರ್ಥವಿರುವ ತುಂಡುಗಳ ನಡುವೆ ಉದ್ದುದ್ದದ ಅಂತರಗಳಿದ್ದವು. ಕೋಶವು ಮೊದಲು ಎಲ್ಲವನ್ನೂ ಆರ್‌ಎನ್‌ಎಯಾಗಿ ನಕಲು ಮಾಡಿ, ಬಳಿಕ ನಡುವಿನ ಭಾಗಗಳನ್ನು ಕತ್ತರಿಸಿ ತೆಗೆದು, ಉಳಿದವನ್ನು ಬೆಸೆದು ಸಂದೇಶವಾಹಕ ಆರ್‌ಎನ್‌ಎಯನ್ನು ಸಿದ್ಧಪಡಿಸುತ್ತಿತ್ತು. ಉಳಿಯುವ ತುಂಡುಗಳಿಗೆ ಎಕ್ಸಾನ್, ಬಿದ್ದುಹೋಗುವ ತುಂಡುಗಳಿಗೆ ಇಂಟ್ರಾನ್, ಕೆಲಸಕ್ಕೆ ಸ್ಪ್ಲೈಸಿಂಗ್ ಎಂದು ಹೆಸರಾಯಿತು. 1993ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು. ಈ ಕೆಲಸವನ್ನು ಮಾಡುವುದು ಐದು ಪುಟ್ಟ ಆರ್‌ಎನ್‌ಎಗಳೂ ನೂರಕ್ಕೂ ಹೆಚ್ಚು ಪ್ರೋಟೀನ್‌ಗಳೂ ಕೂಡಿದ ಸ್ಪ್ಲೈಸಿಯೋಸೋಮ್ ಎಂಬ ಯಂತ್ರ. ಡಿಎನ್‌ಎ, ಆರ್‌ಎನ್‌ಎಗಳ ಸಾಲಿನ ಒಂದೊಂದು ರಾಸಾಯನಿಕ ಘಟಕವನ್ನು ಅಕ್ಷರ ಎನ್ನೋಣ; ಬಹುಪಾಲು ಇಂಟ್ರಾನ್‌ಗಳು ಜಿಯು ಎಂಬ ಎರಡು ಅಕ್ಷರಗಳಿಂದ ಆರಂಭವಾಗಿ ಎಜಿ ಎಂಬ ಎರಡು ಅಕ್ಷರಗಳಲ್ಲಿ ಮುಗಿಯುತ್ತವೆ. ಯಂತ್ರಕ್ಕೆ ಕತ್ತರಿಸುವ ಜಾಗ ತೋರಿಸುವ ಗುರುತುಗಳಲ್ಲಿ ಇವು ಮುಖ್ಯವಾದವು.

ಕತ್ತರಿಸುವ ಯಂತ್ರ ಎಲ್ಲ ಕೋಶಗಳಲ್ಲೂ ಒಂದೇ. ಆದರೆ ಯಾವ ಎಕ್ಸಾನ್ ಉಳಿಯಬೇಕು, ಯಾವುದು ಹೋಗಬೇಕು ಎಂಬ ತೀರ್ಮಾನ ಅಂಗಾಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಇಡೀ ರಾತ್ರಿಯ ಯಕ್ಷಗಾನ ಪ್ರಸಂಗವನ್ನು ಕಾಲಮಿತಿಯ ಆಟಕ್ಕೆ ಇಳಿಸುವಾಗ ಭಾಗವತರು ಕೆಲವು ಪದ್ಯಗಳನ್ನು ಬಿಟ್ಟು ಕೆಲವನ್ನು ಇಟ್ಟುಕೊಳ್ಳುತ್ತಾರಲ್ಲವೇ? ಪ್ರಸಂಗ ಅದೇ, ಮೇಳ ಅದೇ. ಪದ್ಯಗಳ ಆಯ್ಕೆ ಮಾತ್ರ ಆ ರಾತ್ರಿಯದು. ಕೋಶದಲ್ಲಿ ಈ ಆಯ್ಕೆಯನ್ನು ಮಾಡುವ ಪ್ರೋಟೀನ್‌ಗಳಿಗೆ ಸ್ಪ್ಲೈಸಿಂಗ್ ನಿಯಂತ್ರಕಗಳು ಎನ್ನುತ್ತೇವೆ. ಆರ್‌ಬಿಎಂ20 ಅಂತಹ ಒಂದು ನಿಯಂತ್ರಕ, ಅದರಲ್ಲೂ ಮುಖ್ಯವಾಗಿ ಹೃದಯದ ಮತ್ತು ಅಸ್ಥಿಸ್ನಾಯುಗಳ ನಿಯಂತ್ರಕ.

ಆರ್‌ಬಿಎಂ20ಗೆ ಬರುವ ಮೊದಲು ಇಲಿಯ ಇನ್ನೊಂದು ಋಣವನ್ನು ನೆನೆಯಬೇಕು. ಒಂದೇ ಜೀನ್ ಎರಡು ಅಂಗಗಳಲ್ಲಿ ಎರಡು ಬೇರೆ ಹಾರ್ಮೋನುಗಳನ್ನು ಕೊಡಬಲ್ಲದು ಎಂಬುದಕ್ಕೆ ಆರಂಭದಲ್ಲೇ ಸಿಕ್ಕ ಸ್ಪಷ್ಟ ಸಾಕ್ಷಿಗಳಲ್ಲಿ ಒಂದು ಇಲಿಯ ಕ್ಯಾಲ್ಸಿಟೋನಿನ್ ಜೀನ್‌ನಿಂದ, 1982ರಲ್ಲಿ ಬಂದದ್ದು. ಥೈರಾಯ್ಡ್ ಗ್ರಂಥಿಯಲ್ಲಿ ಅದರ ಸಂದೇಶ ಒಂದು ರೀತಿ ಜೋಡಣೆಯಾಗಿ ಕ್ಯಾಲ್ಸಿಟೋನಿನ್ ಆಗುತ್ತದೆ. ನರಕೋಶಗಳಲ್ಲಿ ಬೇರೆ ರೀತಿ ಜೋಡಣೆಯಾಗಿ ಸಿಜಿಆರ್‌ಪಿ ಎಂಬ ಪೆಪ್ಟೈಡ್ ಆಗುತ್ತದೆ. 2018ರಲ್ಲಿ ಅನುಮೋದನೆ ಪಡೆದ ಮೈಗ್ರೇನ್ ತಡೆಯುವ ಹೊಸ ಬಗೆಯ ಔಷಧಿಗಳು ಗುರಿಯಿಡುವುದು ಈ ಸಿಜಿಆರ್‌ಪಿಯ ಹಾದಿಯನ್ನೇ.

ಈಗ ಟೈಟಿನ್. ನಮ್ಮ ದೇಹದಲ್ಲಿ ತಿಳಿದಿರುವ ಅತಿ ದೊಡ್ಡ ಪ್ರೋಟೀನ್ ಇದು. ರಕ್ತದ ಹಿಮೋಗ್ಲೋಬಿನ್‌ನ ತೂಕ ಸುಮಾರು 64,000 ಡಾಲ್ಟನ್ (ಅಣುಗಳ ತೂಕದ ಮಾನ) ಆದರೆ ಟೈಟಿನ್‌ನದು 30 ಲಕ್ಷದಿಂದ 37 ಲಕ್ಷ ಡಾಲ್ಟನ್. ಮನುಷ್ಯನ ಟೈಟಿನ್ ಜೀನ್‌ನಲ್ಲಿ 363 ಎಕ್ಸಾನ್‌ಗಳಿವೆ. ಜೀನ್‌ನ ಉದ್ದ ಸುಮಾರು 2,80,000 ಅಕ್ಷರ, ಸ್ಪ್ಲೈಸಿಂಗ್ ಮುಗಿದ ಮೇಲೆ ಉಳಿಯುವ ಸಂದೇಶವೇ ಸುಮಾರು ಒಂದು ಲಕ್ಷ ಅಕ್ಷರ. ಸ್ನಾಯುವಿನ ಸಂಕೋಚನದ ಘಟಕವಾದ ಸಾರ್ಕೊಮಿಯರ್‌ನಲ್ಲಿ, ಅದರ ಅಂಚಿನ ಜೆಡ್ ಗೆರೆಯಿಂದ ನಡುವಿನ ಎಂ ಗೆರೆಯವರೆಗೆ, ಒಂದೇ ಅಣು ಉದ್ದಕ್ಕೂ ಚಾಚಿಕೊಂಡಿರುತ್ತದೆ. ಅದರ ಒಂದು ಭಾಗ ಸ್ಪ್ರಿಂಗ್‌ನಂತೆ ಹಿಗ್ಗಿ ಕುಗ್ಗುವ ಭಾಗ. ಹೃದಯದ ಕೋಣೆಗೆ ರಕ್ತ ತುಂಬುವಾಗ ಸ್ನಾಯು ಎಷ್ಟು ಹಿಗ್ಗಬೇಕು, ಎಷ್ಟು ಬಿಗಿಯಿಂದ ಹಿಂದಕ್ಕೆ ಬರಬೇಕು ಎಂಬುದನ್ನು ಬಹುಮಟ್ಟಿಗೆ ಈ ಭಾಗದ ಉದ್ದವೇ ತೀರ್ಮಾನಿಸುತ್ತದೆ. ಉದ್ದವಾದರೆ ಮೃದು, ಗಿಡ್ಡವಾದರೆ ಬಿಗಿ. ಆ ಉದ್ದವನ್ನು ನಿರ್ಧರಿಸುವುದು ಸ್ಪ್ಲೈಸಿಂಗ್: ನಡುವಿನ ಎಕ್ಸಾನ್‌ಗಳಲ್ಲಿ ಎಷ್ಟನ್ನು ಬಿಡಲಾಯಿತು ಎಂಬ ಲೆಕ್ಕ.

ಗರ್ಭದಲ್ಲಿರುವಾಗ ಹೃದಯಕ್ಕೆ ಉದ್ದನೆಯ, ಮೃದುವಾದ ಟೈಟಿನ್ ಇರುತ್ತದೆ. ಹುಟ್ಟಿದ ಮೇಲೆ ಹೃದಯದ ಮೇಲಿನ ಒತ್ತಡ ಏರುತ್ತದೆ. ಹೆಚ್ಚು ಎಕ್ಸಾನ್‌ಗಳನ್ನು ಬಿಡುತ್ತ ಟೈಟಿನ್ ಗಿಡ್ಡವಾಗುತ್ತದೆ. ಇಲಿಯಲ್ಲಿ ಈ ಬದಲಾವಣೆ ಬಹಳ ಬೇಗ, ಹುಟ್ಟಿದ ಕೆಲವೇ ವಾರಗಳಲ್ಲಿ ಮುಗಿದು, ಬೆಳೆದ ಇಲಿಯ ಹೃದಯದಲ್ಲಿ ಹೆಚ್ಚುಕಡಿಮೆ ಗಿಡ್ಡ ರೂಪವೇ ಉಳಿಯುತ್ತದೆ. ಮನುಷ್ಯನ ಹೃದಯದಲ್ಲಿ ಎರಡೂ ರೂಪಗಳು ಬೆರೆತಿರುತ್ತವೆ. ಹೀಗೇಕೆ ಎಂದು ಶಿಕ್ಷಕಿಯೊಬ್ಬರು ಕೇಳಿದರು; ಪ್ರಶ್ನೆ ಸರಿಯಾದ ಜಾಗಕ್ಕೇ ಹೋಗಿ ತಟ್ಟುತ್ತದೆ. ಇಲಿಯ ಹೃದಯ ನಿಮಿಷಕ್ಕೆ 300ಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಎರಡು ಬಡಿತಗಳ ನಡುವೆ ಸಿಗುವ ಅಲ್ಪ ಸಮಯದಲ್ಲಿ ಸ್ನಾಯು ಚಿಮ್ಮಿ ಮೂಲಸ್ಥಿತಿಗೆ ಬರಬೇಕಾದರೆ ಬಿಗಿಯಾದ ಟೈಟಿನ್ ಅನುಕೂಲ. ನಿಧಾನವಾಗಿ ಬಡಿಯುವ ದೊಡ್ಡ ಹೃದಯಕ್ಕೆ ತುಂಬಿಕೊಳ್ಳಲು ಸಮಯವಿರುವುದರಿಂದ ಮೃದು ರೂಪದ ಪಾಲು ಹೆಚ್ಚಿದ್ದರೂ ನಡೆಯುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣದಲ್ಲಿ ಮೇರಿಯನ್ ಗ್ರೇಸರ್ ಎಂಬ ವಿಜ್ಞಾನಿ ಸ್ನಾಯುವಿನ ಪ್ರೋಟೀನ್‌ಗಳನ್ನು ಅಧ್ಯಯನ ಮಾಡುತ್ತಿದ್ದರು. ಅವರಿದ್ದದ್ದು ಪಶುವಿಜ್ಞಾನ ವಿಭಾಗದಲ್ಲಿ. ಮಾಂಸದ ಗುಣವನ್ನು ಅರಿಯುವುದು ಆ ಪ್ರಯೋಗಾಲಯದ ಹಳೆಯ ಆಸಕ್ತಿ. ಹೃದ್ರೋಗದ ಆಸ್ಪತ್ರೆಯಿಂದ ಬಹು ದೂರದ ಕೆಲಸವೆಂದು ಮೇಲ್ನೋಟಕ್ಕೆ ಅನಿಸುವ ಇಂತಹ ಅಧ್ಯಯನಕ್ಕೆ ನಾನು ಹೃದಯಪೂರ್ವಕ ಗೌರವ ಸಲ್ಲಿಸುತ್ತೇನೆ, ಏಕೆಂದರೆ ದಾರಿ ತೆರೆದದ್ದು ಅಲ್ಲಿಯೇ. ಪ್ರೋಟೀನ್‌ಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಲು ನಾವು ಸಾಮಾನ್ಯವಾಗಿ ಬಳಸುವ ಪಾಲಿಅಕ್ರಿಲಮೈಡ್ ಜೆಲ್‌ನ ರಂಧ್ರಗಳು ಟೈಟಿನ್‌ಗೆ ತೀರ ಚಿಕ್ಕವು. ಅಷ್ಟು ದೊಡ್ಡ ಅಣು ಅದರಲ್ಲಿ ಚೆನ್ನಾಗಿ ಇಳಿಯುವುದಿಲ್ಲ. ಗ್ರೇಸರ್ ಮತ್ತು ಸಂಗಡಿಗರು 2003ರಲ್ಲಿ, ದೊಡ್ಡ ರಂಧ್ರಗಳ ಜೆಲ್ ಕೊಡುವ ಅಗರೋಸ್ ಎಂಬ ವಸ್ತುವಿನಿಂದಲೇ ಲಂಬವಾದ ಜೆಲ್ ಎರೆದು ಟೈಟಿನ್‌ನ ರೂಪಗಳನ್ನು ಬಿಡಿಬಿಡಿಯಾಗಿ ಕಾಣುವ ವಿಧಾನವನ್ನು ಪ್ರಕಟಿಸಿದರು.

ಆ ಜೆಲ್‌ನ ಮುಂದೆ ಒಂದು ಕ್ಷಣ ನಿಲ್ಲೋಣ. ಮೇಲ್ತುದಿಯ ಚಿಕ್ಕ ಕುಳಿಗಳಲ್ಲಿ ಇಲಿಗಳ ಹೃದಯದಿಂದ ತೆಗೆದ ಪ್ರೋಟೀನ್ ಹಾಕಿ ವಿದ್ಯುತ್ ಹರಿಸುತ್ತಾರೆ. ಹಗುರವಾದ ಅಣುಗಳು ಬೇಗ ಕೆಳಗಿಳಿಯುತ್ತವೆ, ಭಾರವಾದವು ಮೇಲೆಯೇ ಉಳಿಯುತ್ತವೆ. ಬಣ್ಣ ಹಾಕಿದ ಮೇಲೆ ಒಂದೊಂದು ಸಾಲಿನಲ್ಲೂ ಕಪ್ಪನೆಯ ಅಡ್ಡಪಟ್ಟಿಗಳು ಮೂಡುತ್ತವೆ. ಬೆಳೆದ ಇಲಿಯ ಹೃದಯದ ಸಾಲಿನಲ್ಲಿ ಟೈಟಿನ್ ಪಟ್ಟಿ ಸುಮಾರು 30 ಲಕ್ಷ ಡಾಲ್ಟನ್‌ನ ಜಾಗಕ್ಕೆ ಇಳಿದಿರಬೇಕು. ಆದರೆ ಕೆಲವು ಇಲಿಗಳಲ್ಲಿ ಅದು ಇಳಿದಿರಲಿಲ್ಲ. ಎಳೆಯ ಮರಿಯಲ್ಲಿ ಇರುವಂತಹ, ಬಹಳ ಹೆಚ್ಚು ಭಾರದ ಪಟ್ಟಿ ಬೆಳೆದ ಮೇಲೂ ಮೇಲೆಯೇ ನಿಂತಿತ್ತು. ಅವುಗಳ ಸಂತತಿಯಲ್ಲಿ ದೋಷದ ಒಂದೇ ಪ್ರತಿಯನ್ನು ಪಡೆದ ಇಲಿಗಳ ಟೈಟಿನ್ ನಡುವಿನ ಗಾತ್ರದ್ದಾಗಿತ್ತು. ಯಾರೂ ಉದ್ದೇಶಪೂರ್ವಕವಾಗಿ ಮಾಡಿದ ಬದಲಾವಣೆ ಅದಾಗಿರಲಿಲ್ಲ. ತಾನೇ ತಾನಾಗಿ ಉಂಟಾದ ಉತ್ಪರಿವರ್ತನೆ. 2008ರಲ್ಲಿ ಈ ಇಲಿಗಳ ವಿವರ ಪ್ರಕಟವಾಯಿತು. ಅವುಗಳ ಹೃದಯಕೋಶವನ್ನು ಎಳೆದಾಗ ಬಿಗಿತ ತೀರ ಕಡಿಮೆಯಿತ್ತು.

ದೋಷ ಟೈಟಿನ್ ಜೀನ್‌ನಲ್ಲೇ ಇರಬಹುದೇ ಎಂಬುದು ಮೊದಲು ಏಳುವ ಪ್ರಶ್ನೆ. ಆದರೆ ಸಂತತಿಯ ಲೆಕ್ಕ ಹಿಡಿದು ಹುಡುಕಿದಾಗ ದೋಷ ಸಿಕ್ಕಿದ್ದು ಟೈಟಿನ್‌ನಿಂದ ಬೇರೆಯಾದ, ಇಲಿಯ ಒಂದನೆಯ ವರ್ಣತಂತುವಿನ ಮೇಲೆ. ಅಲ್ಲಿ ಸುಮಾರು 95,000 ಅಕ್ಷರಗಳ ತುಂಡೊಂದು ಕಾಣೆಯಾಗಿತ್ತು. ಆರ್‌ಬಿಎಂ20 ಜೀನ್‌ನ ಬಹುಭಾಗ ಅದರೊಂದಿಗೇ ಹೋಗಿತ್ತು. ಮ್ಯಾಡಿಸನ್ ತಂಡದ ವೇ ಗುವೊ ಮತ್ತು ಗ್ರೇಸರ್, ಬರ್ಲಿನ್‌ನ ಮ್ಯಾಕ್ಸ್ ಡೆಲ್‌ಬ್ರುಕ್ ಕೇಂದ್ರದ ನೋರ್ಬರ್ಟ್ ಹ್ಯೂಬ್ನರ್ ಹಾಗೂ ಮೈಕೆಲ್ ಗಾಟ್‌ಹಾರ್ಟ್ ಮುಂತಾದವರು ಸೇರಿ ಇದನ್ನು 2012ರಲ್ಲಿ ಪ್ರಕಟಿಸಿದರು.

ಅಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಸುದ್ದಿ ಬಂದಿತ್ತು. ಹೃದಯ ಹಿಗ್ಗುವ ಕಾಯಿಲೆ ವಂಶದಲ್ಲಿ ಹರಿದಿದ್ದ ಕೆಲವು ಕುಟುಂಬಗಳನ್ನು ಪರೀಕ್ಷಿಸಿದ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು, ಮನುಷ್ಯನ ಹತ್ತನೆಯ ವರ್ಣತಂತುವಿನಲ್ಲಿರುವ ಆರ್‌ಬಿಎಂ20 ಜೀನ್‌ನಲ್ಲಿ ದೋಷವಿದೆಯೆಂದು 2009ರಲ್ಲೇ ವರದಿ ಮಾಡಿದ್ದರು. ಆದರೆ ಆ ಜೀನ್ ಹೃದಯದಲ್ಲಿ ಮಾಡುವ ಕೆಲಸವೇನೆಂಬುದು ಸ್ಪಷ್ಟವಿರಲಿಲ್ಲ. ಇಲಿಯಲ್ಲಿ ಕೆಲಸ ಕಂಡಿತ್ತು, ಜೀನ್ ಸಿಕ್ಕಿರಲಿಲ್ಲ. ಮನುಷ್ಯನಲ್ಲಿ ಜೀನ್ ಸಿಕ್ಕಿತ್ತು, ಕೆಲಸ ಕಂಡಿರಲಿಲ್ಲ. 2012ರಲ್ಲಿ ಎರಡೂ ಕೂಡಿಕೊಂಡವು. ಆರ್‌ಬಿಎಂ20 ಇಲ್ಲದ ಇಲಿಗಳ ಹೃದಯವೂ ಹಿಗ್ಗುತ್ತಿತ್ತು, ಅವುಗಳಲ್ಲೂ ಲಯ ತಪ್ಪುತ್ತಿತ್ತು, ಹಠಾತ್ ಸಾವು ಬರುತ್ತಿತ್ತು. ವಿಜ್ಞಾನದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೂಡುವಿಕೆಗಳಲ್ಲಿ ಇದೊಂದು.

ಆರ್‌ಬಿಎಂ20 ಕೆಲಸ ಮಾಡುವ ಬಗೆ ಹೀಗಿದೆ. ಟೈಟಿನ್‌ನ ಕಚ್ಚಾ ಆರ್‌ಎನ್‌ಎ ಕೋಶಕೇಂದ್ರದಲ್ಲಿ ತಯಾರಾಗುತ್ತಿರುವಾಗ ಅದರ ಇಂಟ್ರಾನ್‌ಗಳಲ್ಲಿ ಯುಸಿಯುಯು ಎಂಬ ನಾಲ್ಕಕ್ಷರದ ಗುರುತು ಮತ್ತೆ ಮತ್ತೆ ಬರುತ್ತದೆ. ಆರ್‌ಬಿಎಂ20 ಈ ಗುರುತನ್ನು ಹಿಡಿದು ಕೂರುತ್ತದೆ. ಅದು ಕುಳಿತ ಜಾಗದ ಪಕ್ಕದ ಎಕ್ಸಾನ್ ಅನ್ನು ಸ್ಪ್ಲೈಸಿಯೋಸೋಮ್ ಸೇರಿಸಿಕೊಳ್ಳದೆ ದಾಟಿ ಮುಂದೆ ಹೋಗುತ್ತದೆ. ಹೀಗೆ ಸ್ಪ್ರಿಂಗ್ ಭಾಗದ ಎಕ್ಸಾನ್‌ಗಳು ಸಾಲುಸಾಲಾಗಿ ಬಿಟ್ಟುಹೋಗಿ ಟೈಟಿನ್ ಗಿಡ್ಡವಾಗುತ್ತದೆ. ಆರ್‌ಬಿಎಂ20 ಇಲ್ಲವಾದರೆ ತಡೆಯುವವರಿಲ್ಲ. ಎಲ್ಲ ಎಕ್ಸಾನ್‌ಗಳೂ ಒಳಗೆ ಬರುತ್ತವೆ, ಟೈಟಿನ್ ಮರಿಯ ಹೃದಯದಲ್ಲಿದ್ದಂತೆ ಉದ್ದವಾಗಿ, ಸಡಿಲವಾಗಿ ಉಳಿಯುತ್ತದೆ. ಟೈಟಿನ್‌ನ ಆರ್‌ಎನ್‌ಎಯಲ್ಲಿ ಈ ಗುರುತುಗಳು ಎಷ್ಟು ದಟ್ಟವಾಗಿವೆಯೆಂದರೆ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆರ್‌ಬಿಎಂ20 ಟೈಟಿನ್ ಜೀನ್‌ನ ಎರಡು ಪ್ರತಿಗಳಿರುವ ಜಾಗದಲ್ಲೇ ಎರಡು ಚುಕ್ಕೆಗಳಾಗಿ ಗುಂಪುಗೂಡಿರುವುದು ಕಾಣುತ್ತದೆ. ಅದು ನಿಯಂತ್ರಿಸುವ ಬೇರೆ ಕೆಲವು ಜೀನ್‌ಗಳೂ ಆ ಚುಕ್ಕೆಗಳ ಬಳಿಗೆ ಬಂದು ಸೇರುತ್ತವೆ ಎಂದು 2019ರ ಅಧ್ಯಯನವೊಂದು ತೋರಿಸಿತು.

ಬೇರೆ ಜೀನ್‌ಗಳು ಎಂದೆ. ಅದು ಮುಖ್ಯ. 2012ರ ಅಧ್ಯಯನದಲ್ಲಿ ಟೈಟಿನ್ ಅಲ್ಲದೆ ಇಲಿ ಮತ್ತು ಮನುಷ್ಯ ಇಬ್ಬರಲ್ಲೂ ಆರ್‌ಬಿಎಂ20ರ ಹತೋಟಿಯಲ್ಲಿರುವ 30 ಜೀನ್‌ಗಳು ಸಿಕ್ಕಿದವು. ಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಬಾಗಿಲಾದ ಆರ್‌ವೈಆರ್2, ಆ ಬಾಗಿಲನ್ನು ಪ್ರಭಾವಿಸುವ ಕಿಣ್ವದ ಜೀನ್ ಕ್ಯಾಮ್‌ಕೆ2ಡಿ, ಇಂತಹವು ಆರ್‌ಬಿಎಂ20ರ ಹತೋಟಿಗೆ ಸೇರಿವೆ. ಹೃದಯದ ಪ್ರತಿ ಬಡಿತವೂ ಕ್ಯಾಲ್ಸಿಯಂ ಏರಿಳಿತದ ಮೇಲೆ ನಿಂತಿದೆ. ಇವುಗಳ ಜೋಡಣೆ ತಪ್ಪಿದರೆ ಕ್ಯಾಲ್ಸಿಯಂ ಹೊತ್ತಲ್ಲದ ಹೊತ್ತಿನಲ್ಲಿ ಸೋರಿ ಲಯ ಕೆಡುತ್ತದೆ. ಆದ್ದರಿಂದಲೇ ಆರ್‌ಬಿಎಂ20 ದೋಷವಿರುವ ಕುಟುಂಬಗಳಲ್ಲಿ ಹೃದಯ ಹಿಗ್ಗುವುದರ ಜೊತೆಗೆ ಅಪಾಯಕಾರಿ ಲಯದೋಷವೂ ಹೆಚ್ಚು. ಟೈಟಿನ್ ಸಡಿಲವಾಯಿತು ಎಂಬಷ್ಟರಿಂದಲೇ ಇದನ್ನು ವಿವರಿಸಲಾಗದು.

ಇಲಿ ಕಲಿಸದ ಪಾಠವೂ ಒಂದಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಇಲಿಯಲ್ಲಿ ಜೀನ್‌ನ ಬಹುಭಾಗವೇ ಇಲ್ಲ. ಮನುಷ್ಯರಲ್ಲಿ ಕಾಣುವ ತೀವ್ರ ದೋಷಗಳು ಹೆಚ್ಚಾಗಿ ಒಂದೇ ಅಕ್ಷರದವು, ಅದರಲ್ಲೂ ಪ್ರೋಟೀನ್‌ನ 1,227 ಅಮೈನೋ ಆಮ್ಲಗಳಲ್ಲಿ 634ರಿಂದ 638ರವರೆಗಿನ ಐದರಲ್ಲಿ ಗುಂಪುಗೂಡಿದವು. ಅರ್ಜಿನೈನ್, ಸೆರಿನ್, ಅರ್ಜಿನೈನ್, ಸೆರಿನ್, ಪ್ರೋಲಿನ್ ಎಂಬ ಈ ಪುಟ್ಟ ಸಾಲು ಆರ್‌ಬಿಎಂ20 ಕೋಶಕೇಂದ್ರದೊಳಗೆ ಪ್ರವೇಶಿಸಲು ಬೇಕಾದ ರಹದಾರಿ. ಇದರಲ್ಲಿ ಒಂದು ಬದಲಾದರೂ ಪ್ರೋಟೀನ್ ಹೊರಗಿನ ಕೋಶದ್ರವದಲ್ಲೇ ಉಳಿದು ಹರಳುಹರಳಾಗಿ ಗುಂಪುಗಟ್ಟುತ್ತದೆ. ಅಲ್ಲಿಗೆ ಎರಡು ಕೇಡು: ಒಳಗಿನ ಸ್ಪ್ಲೈಸಿಂಗ್ ಕೆಲಸ ನಿಲ್ಲುತ್ತದೆ, ಹೊರಗಿನ ಗುಂಪುಗಳೇ ಕೋಶಕ್ಕೆ ಹಾನಿ ಮಾಡುತ್ತವೆ. 636ನೆಯ ಸ್ಥಾನವನ್ನು ಬದಲಿಸಿದ ಹಂದಿಗಳಲ್ಲಿ ಇದು 2020ರಲ್ಲಿ ಸ್ಪಷ್ಟವಾಗಿ ಕಂಡಿತು. ಸುಂಡಿಲಿಗಳಲ್ಲೂ (ಇಲಿಗಿಂತ ಚಿಕ್ಕದಾದ, ಇಂಗ್ಲಿಷಿನಲ್ಲಿ ಮೌಸ್ ಎನ್ನುವ ಪ್ರಾಣಿ) ಜೀನ್ ಪೂರ್ತಿ ತೆಗೆದಾಗಿನ ಕಾಯಿಲೆಗಿಂತ ಈ ಸಾಲಿನ ಒಂದಕ್ಷರ ಬದಲಿಸಿದಾಗಿನ ಕಾಯಿಲೆ ಹೆಚ್ಚು ತೀವ್ರ. ಆರ್‌ಬಿಎಂ20 ಕಾಯಿಲೆಯನ್ನು ಬರೀ ಸ್ಪ್ಲೈಸಿಂಗ್ ದೋಷ ಎಂದು ಪಾಠ ಮಾಡುವವರು ಈ ಅರ್ಧವನ್ನೂ ಸೇರಿಸಿ ಹೇಳಬೇಕೆಂದು ನನ್ನ ಕೋರಿಕೆ.

ಚಿಕಿತ್ಸೆಯ ಆಲೋಚನೆಯೂ ಈ ತಿಳಿವಳಿಕೆಯನ್ನೇ ಅನುಸರಿಸಿದೆ. ಅಕ್ಷರದ ದೋಷವನ್ನು ಅಕ್ಷರದ ಮಟ್ಟದಲ್ಲೇ ತಿದ್ದಬಹುದೆಂದು ಟೆಕ್ಸಾಸ್‌ನ ತಂಡವೊಂದು 2022ರಲ್ಲಿ ತೋರಿಸಿತು; ಬೇಸ್ ಎಡಿಟಿಂಗ್ ವಿಧಾನದಿಂದ ಸುಂಡಿಲಿಗಳಲ್ಲಿ 636ನೆಯ ಸ್ಥಾನದ ದೋಷವನ್ನು ಸರಿಪಡಿಸಿದಾಗ ಅವುಗಳ ಹೃದಯದ ಕಾರ್ಯ ಸುಧಾರಿಸಿತು. ಇದಕ್ಕೆ ತಿರುಗಾಮುರುಗಾ ಎನ್ನಬಹುದಾದ ಇನ್ನೊಂದು ಹಾದಿಯೂ ಇದೆ. ಕೆಲವರ ಹೃದಯ ಬಿಗಿಯಾಗಿಬಿಟ್ಟು ರಕ್ತ ತುಂಬಿಕೊಳ್ಳಲಾರದೆ ಸೋಲುತ್ತದೆ. ಅಂತಹ ಹೃದಯದಲ್ಲಿ ಆರ್‌ಬಿಎಂ20ರ ಕೆಲಸವನ್ನು ಸ್ವಲ್ಪ ತಗ್ಗಿಸಿದರೆ ಟೈಟಿನ್ ಉದ್ದವಾಗಿ ಬಿಗಿತ ಕಡಿಮೆಯಾಗಬಹುದೆಂಬುದಕ್ಕೆ 2016ರಲ್ಲಿ ಸುಂಡಿಲಿಗಳಿಂದ ಪುರಾವೆ ಬಂದಿತು. ಇವೆರಡೂ ಪ್ರಾಣಿಗಳಲ್ಲಿ ಕಂಡ ಫಲಗಳು.

ಇದೆಲ್ಲ ಪಾಶ್ಚಾತ್ಯರ ಕುಟುಂಬಗಳ ಮಾತು, ನಮಗೇನು ಸಂಬಂಧ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಆರ್‌ಬಿಎಂ20 ದೋಷ ಹೃದಯ ಹಿಗ್ಗುವ ಕಾಯಿಲೆಯ ರೋಗಿಗಳಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಕಾಣುವಂಥದ್ದು, ನಿಜ. ಆದರೆ ಸ್ಪ್ಲೈಸಿಂಗ್ ಕೆಟ್ಟು ಹೃದಯ ಕೆಡುವ ಬಹು ದೊಡ್ಡ ಉದಾಹರಣೆ ನಮ್ಮ ಉಪಖಂಡದಲ್ಲೇ ಇದೆ. ಹೃದಯಸ್ನಾಯುವಿನ ಮತ್ತೊಂದು ಪ್ರೋಟೀನ್‌ನ ಜೀನ್ ಆದ ಎಂವೈಬಿಪಿಸಿ3ರ 32ನೆಯ ಇಂಟ್ರಾನ್‌ನಲ್ಲಿ 25 ಅಕ್ಷರಗಳು ಕಾಣೆಯಾಗಿರುವ ಸ್ಥಿತಿ ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿದೆಯೆಂದು ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳೂ ಸೇರಿದ ತಂಡ 2009ರಲ್ಲಿ ಪ್ರಕಟಿಸಿತು. ಇಂಟ್ರಾನ್‌ನಲ್ಲಿ ಆದ ಆ ಕೊರತೆಯಿಂದ ಪಕ್ಕದ 33ನೆಯ ಎಕ್ಸಾನ್ ಸಂದೇಶದಿಂದ ಬಿಟ್ಟುಹೋಗಿ, ಪ್ರೋಟೀನ್‌ನ ತುದಿ ಬೇರೆಯೇ ಆಗುತ್ತದೆ. ಇದನ್ನು ಹೊತ್ತವರೆಲ್ಲ ರೋಗಿಗಳಾಗುವುದಿಲ್ಲ, ಬಹುಮಂದಿ ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಹೃದಯಸ್ನಾಯು ರೋಗಿಗಳಲ್ಲಿ ಇದರ ಪಾಲು ಇತರರಲ್ಲಿ ಇರುವುದಕ್ಕಿಂತ ಸ್ಪಷ್ಟವಾಗಿ ಹೆಚ್ಚು.

ಕೊನೆಯಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಹೃದಯ ಹಿಗ್ಗಿದೆ, ಮಕ್ಕಳಿಗೆ ಏನು ಮಾಡಿಸಬೇಕು? ನಾನು ವೈದ್ಯನಲ್ಲ, ನಿಮ್ಮ ಹೃದ್ರೋಗ ತಜ್ಞರ ಮಾತೇ ಅಂತಿಮ. ಆದರೆ ಜೀವವಿಜ್ಞಾನ ಹೇಳುವುದನ್ನು ಹೇಳಬಲ್ಲೆ. ಆರ್‌ಬಿಎಂ20ಯಂತಹ ದೋಷ ಪ್ರಬಲ ರೀತಿಯಲ್ಲಿ ಹರಿಯುವಂಥದ್ದು. ದೋಷ ಇರುವ ತಂದೆಯಿಂದಲೋ ತಾಯಿಯಿಂದಲೋ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ನೂರಕ್ಕೆ ಐವತ್ತು, ಗಂಡಾಗಲಿ ಹೆಣ್ಣಾಗಲಿ. ನಾಳ ಕಟ್ಟಿಕೊಂಡಿರದೆ, ಬೇರೆ ಸ್ಪಷ್ಟ ಕಾರಣವೂ ಇಲ್ಲದೆ ಹೃದಯ ಹಿಗ್ಗಿದ್ದರೆ ಅಥವಾ ಹಿಂದಿನ ತಲೆಮಾರಿನಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಆಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಒಡಹುಟ್ಟಿದವರಿಗೂ ಮಕ್ಕಳಿಗೂ ಇಸಿಜಿ ಮತ್ತು ಎಕೋ ಪರೀಕ್ಷೆ ಮಾಡಿಸುವುದು, ಒಮ್ಮೆ ಸರಿಯಿದೆ ಎಂದು ಬಂದರೂ ಕೆಲವು ವರ್ಷಗಳಿಗೊಮ್ಮೆ ಮತ್ತೆ ನೋಡಿಸುವುದು ರೂಢಿಯಲ್ಲಿರುವ ಕ್ರಮ, ಏಕೆಂದರೆ ಈ ಕಾಯಿಲೆ ಯಾವ ವಯಸ್ಸಿನಲ್ಲಿ ತಲೆದೋರುತ್ತದೆ ಎಂಬುದು ಒಂದೇ ಮನೆಯಲ್ಲೂ ಬೇರೆ ಬೇರೆ. ರೋಗಿಯಲ್ಲಿ ಜೀನ್ ಪರೀಕ್ಷೆ ಮಾಡಿ ಕಾಯಿಲೆಗೆ ಕಾರಣವಾದ ದೋಷ ಖಚಿತವಾಗಿ ಸಿಕ್ಕಿದರೆ, ಉಳಿದವರಲ್ಲಿ ಆ ಒಂದೇ ಜಾಗವನ್ನು ನೋಡಿದರೆ ಸಾಕಾಗುತ್ತದೆ. ದೋಷ ಬಂದಿರುವ ಮಗುವಿನ ಮೇಲೆ ಲಕ್ಷಣ ಕಾಣುವ ಮೊದಲೇ ನಿಗಾ ಇಡಬಹುದು. ಬಂದಿಲ್ಲವೆಂದು ತಿಳಿದ ಮಗುವನ್ನು ಈ ಕಾರಣಕ್ಕಾಗಿ ಮತ್ತೆ ಮತ್ತೆ ಎಕೋಗೆ ಕರೆದೊಯ್ಯಬೇಕಾಗಿಲ್ಲ.